ಅಡಿಪ್ರತಿಯಲ್ಲಿ ಉಳಿದ ಆರು ಅಂಕಿ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಹೊಲಿಗೆ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಫೋನ್ ರಿಪೇರಿ ಅಂಗಡಿಯವನಿಗೆ ಎಲ್ಲರೂ ಭೂತಗನ್ನಡಿ ಎನ್ನುತ್ತಿದ್ದರು. ಬಲಗಣ್ಣಿಗೆ ಸಿಕ್ಕಿಸಿಕೊಂಡ ಆ ಗಾಜನ್ನು ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ, ತಟ್ಟೆಯಲ್ಲಿ ಕೂದಲು ಹುಡುಕುತ್ತಾನೆ ಎಂದು ಹೆಂಡತಿ ನೆಂಟರೆದುರು ಅವನ ಮಾನ ಕಳೆಯುತ್ತಿದ್ದಳು. ಅವನು ಅದಕ್ಕೂ ನಗುತ್ತಿದ್ದ. ಮಾನದ ವಿಷಯದಲ್ಲಿ ಅವನಿಗೆ ಆಗಿನ್ನೂ ಧೈರ್ಯವಿತ್ತು.

ಅವನ ಅಂಗಡಿಗೆ ಒಂದು ಪದ್ಧತಿ. ಗಿರಾಕಿ ಫೋನ್ ಕೊಟ್ಟಾಗ ಚೀಟಿಯ ಮೇಲೆ ಹೆಸರು, ಕೆಟ್ಟಿರುವುದೇನು, ಬೀಗ ತೆಗೆಯುವ ಅಂಕಿ ಯಾವುದು ಎಂದು ಬರೆಸಿಕೊಳ್ಳುತ್ತಿದ್ದ. ಗಾಜು ಬದಲಿಸಿದ ಮೇಲೆ ಬೆರಳು ತಾಗುತ್ತದೋ ಇಲ್ಲವೋ ನೋಡಲು ಬೀಗ ತೆಗೆಯಲೇಬೇಕಲ್ಲ. ಗಿರಾಕಿ ಚೀಟಿ ಹಿಡಿದು ವಾಪಸು ಬಂದಾಗ ಆ ಅಂಕಿಯ ಮೇಲೆ ಅವರ ಕಣ್ಣೆದುರೇ ಕಪ್ಪು ಶಾಯಿ ಎಳೆದು, ಫೋನ್ ಒರೆಸಿ ಕೈಗಿಟ್ಟು, "ಬೇರೇನೂ ನೋಡಿಲ್ಲ" ಎನ್ನುತ್ತಿದ್ದ. ಅದು ಅಪ್ಪಟ ನಿಜ. ಹದಿನೇಳು ವರ್ಷದಲ್ಲಿ ಊರಿನ ಅರ್ಧ ಜನರ ಪ್ರೇಮ, ಜಗಳ, ರೋಗ ಎಲ್ಲ ಅವನ ಅಂಗೈ ಮೇಲೆ ಬಂದುಹೋಗಿದ್ದವು. ಒಂದನ್ನೂ ಅವನು ಇಣುಕಿ ನೋಡಿರಲಿಲ್ಲ.

ಆದರೆ ಚೀಟಿಯ ಅಡಿಯಲ್ಲೊಂದು ಕಾರ್ಬನ್ ಹಾಳೆ ಇರುತ್ತಿತ್ತು, ಅದರ ಅಡಿಯಲ್ಲಿ ಅಂಗಡಿಯ ಪ್ರತಿ. ಶಾಯಿ ಬೀಳುತ್ತಿದ್ದುದು ಗಿರಾಕಿಯ ಚೀಟಿಗೆ ಮಾತ್ರ. ಅಡಿಪ್ರತಿಯಲ್ಲಿ ಅಂಕಿಗಳು ನೀಲಿ ಬಣ್ಣದಲ್ಲಿ ಹಾಯಾಗಿ ಮಲಗಿರುತ್ತಿದ್ದವು. ಅವನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಒಂದು ದಿನ ಪುರುಸೊತ್ತಾದಾಗ ಈ ಅಡಿಪ್ರತಿಗಳ ಪುಸ್ತಕಗಳನ್ನೆಲ್ಲ ಸುಟ್ಟರಾಯಿತು ಎಂದುಕೊಂಡು ಮೇಜಿನ ಕೆಳಗೆ ಒಂದರ ಮೇಲೊಂದು ಪೇರಿಸುತ್ತಲೇ ಬಂದಿದ್ದ.

ಒಂದು ಮಧ್ಯಾಹ್ನ ತನಿಖಾ ಅಧಿಕಾರಿಯೊಬ್ಬರು ಬಂದರು. ಸಾದಾ ಅಂಗಿ, ಕಂಕುಳಲ್ಲಿ ಕಡತ. ಪಾರದರ್ಶಕ ಚೀಲದಲ್ಲಿದ್ದ ಒಂದು ಫೋನನ್ನು ಮೇಜಿನ ಮೇಲಿಟ್ಟು, "ಸಾರ್, ಇದನ್ನ ರಿಪೇರಿ ಮಾಡಿದ್ದು ನೀವೇನಾ?" ಎಂದು ಕೇಳಿದರು. ಹಿಂಬದಿಯ ಮುಚ್ಚಳದ ಒಳಗೆ ಚೀಟಿಯ ಸಂಖ್ಯೆ ಬರೆದ ಅವನ ಅಂಗಡಿಯ ಪುಟ್ಟ ಲೇಬಲ್ ಅಂಟಿತ್ತು. ಹುಟ್ಟಿದಾಗಿನಿಂದ ಅವನನ್ನು ಯಾರೂ ಸಾರ್ ಎಂದು ಕರೆದಿರಲಿಲ್ಲ. ಎದ್ದು ನಿಂತು ಕುರ್ಚಿ ಒರೆಸಿಕೊಟ್ಟ.

ಅಧಿಕಾರಿ ತಮ್ಮ ಕಷ್ಟ ಹೇಳಿಕೊಂಡರು. ಒಳಗಿರುವುದೆಲ್ಲ ಗೂಢಲಿಪಿಯಾಗಿ ಕೂತಿದೆ, ಅಂಕಿಯಿಲ್ಲದೆ ತಾನೂ ತೆಗೆಯಲಾರೆ ಎಂದು ತಯಾರಿಸಿದ ಕಂಪನಿಯೇ ಕೈಚೆಲ್ಲಿದೆ, ಹತ್ತು ಸಲ ತಪ್ಪಿದರೆ ಎಲ್ಲವೂ ತಾನಾಗಿ ಅಳಿಸಿಹೋಗುತ್ತದೆ, ಎಂಟು ಸಲ ಆಗಲೇ ಮುಗಿದಿದೆ. ನಿಮ್ಮಂಥ ಅನುಭವಸ್ಥರಿಗೆ ಏನಾದರೂ ದಾರಿ ಹೊಳೆಯಬಹುದೇ ಎಂದಷ್ಟೇ ಅವರು ಕೇಳಿದ್ದು. ಪುಸ್ತಕದ ಸುದ್ದಿ ಅವರಿಗೆ ಗೊತ್ತೇ ಇರಲಿಲ್ಲ.

ಭೂತಗನ್ನಡಿಗೆ ಆ ಗಳಿಗೆಯಲ್ಲಿ ತಲೆ ತಿರುಗಿತು. ದೊಡ್ಡ ದೊಡ್ಡ ತಜ್ಞರಿಂದ ಆಗದ್ದು! ನ್ಯಾಯಾಲಯದ ಅಪ್ಪಣೆ ಇದೆಯೇ ಎಂದು ಕೇಳಬೇಕೆಂದು ಹೊಳೆಯಲಿಲ್ಲ. ಫೋನ್ ಯಾರದೆಂದು ಕೇಳಬೇಕೆಂದೂ ಹೊಳೆಯಲಿಲ್ಲ. ಮೇಜಿನ ಕೆಳಗೆ ನುಗ್ಗಿ, ಧೂಳು ಕೊಡವಿ, ಬೆರಳಿಗೆ ಎಂಜಲು ಹಚ್ಚಿ ಆ ಸಂಖ್ಯೆಯವರೆಗೆ ಹಾಳೆ ಮಗುಚಿ, ಆರೂ ಅಂಕಿಯನ್ನು ಶಾಲೆಯ ಹುಡುಗನ ಹಾಗೆ ಗಟ್ಟಿಯಾಗಿ ಓದಿದ. ಓದುವಾಗಲೇ ಹೆಸರಿನ ಮೇಲೆ ಕಣ್ಣು ಬಿತ್ತು. ನೀರು ಸರಬರಾಜು ಕಚೇರಿಯ ಬೆರಳಚ್ಚುಗಾರ್ತಿ. ಬಾಯಿಂದ ಕೊನೆಯ ಅಂಕಿ ಆಗಲೇ ಹೊರಟುಹೋಗಿತ್ತು. ಅಧಿಕಾರಿ ಕೈಕುಲುಕಿ ಹೋದರು.

ಮುಂದಿನದನ್ನು ಅವನು ಪತ್ರಿಕೆಯಲ್ಲಿ ಓದಿದ. ನಲ್ಲಿ ನೀರಿನ ಪರೀಕ್ಷೆಯ ವರದಿಗಳನ್ನು ಕಚೇರಿಯಲ್ಲಿ ತಿದ್ದುತ್ತಿದ್ದರಂತೆ. ಅಸಲು ವರದಿ ಪತ್ರಿಕೆಯವರಿಗೆ ಕೊಟ್ಟದ್ದು ಬೆರಳಚ್ಚುಗಾರ್ತಿ. ಅವಳಿಗೆ ಅದನ್ನು ತಂದುಕೊಟ್ಟಿದ್ದ ಇಬ್ಬರು ಸಹೋದ್ಯೋಗಿಗಳ ಹೆಸರು ಫೋನಿನಲ್ಲಿ ಸಿಕ್ಕಿ, ಇಬ್ಬರಿಗೂ ಕೆಲಸ ಹೋಯಿತು. ಅವನು ಪತ್ರಿಕೆ ಮಡಚಿಟ್ಟ. ಹೆಂಡತಿ ಏನಾಯಿತೆಂದು ಕೇಳಿದ್ದಕ್ಕೆ ಹಲ್ಲುನೋವು ಎಂದ. ಹಲ್ಲುನೋವು ನಾಲ್ಕು ತಿಂಗಳು ನಡೆಯಿತು. ಅಷ್ಟು ದಿನವೂ ಅವನು ಗಿರಾಕಿಗಳ ಮುಖ ನೋಡದೆ, ಭೂತಗನ್ನಡಿಯ ಹಿಂದೆಯೇ ಅವಿತುಕೊಂಡ. ಆದರೂ ಪುಸ್ತಕ ಸುಡಲಿಲ್ಲ, ಮುಟ್ಟಲು ನಾಚಿಕೆಯಾಗುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಆ ಬೆರಳಚ್ಚುಗಾರ್ತಿಯೇ ಬಂದಳು. ಇಳಿದುಹೋಗಿದ್ದಳು. ಫೋನ್ ಈಗಷ್ಟೇ ವಾಪಸು ಬಂದಿದೆ, ಯಾರೋ ಬೀಳಿಸಿ ಗಾಜು ಒಡೆದಿದ್ದಾರೆ ಎಂದು ಸ್ಟೂಲಿನ ಮೇಲೆ ಕೂತಳು. ಅವನು ಗಾಜು ಬಿಚ್ಚತೊಡಗಿದ. ಅವಳು ತಾನಾಗಿಯೇ ಹೇಳುತ್ತಾ ಹೋದಳು. ಒಂಬತ್ತು ದಿನ ಕೂಡಿಹಾಕಿದ್ದರು, ಅಂಕಿ ಹೇಳಲಿಲ್ಲ. ಆದರೂ ಫೋನ್ ತೆರೆಯಿತು. ಅಂಕಿ ಗೊತ್ತಿದ್ದುದು ತಂಗಿಯೊಬ್ಬಳಿಗೇ. ಹೇಳಿಲ್ಲವೆಂದು ಅಮ್ಮನ ಆಣೆ ಮಾಡಿದಳು, ಅತ್ತಳು, ನಾನು ನಂಬಲಿಲ್ಲ, ಮನೆಯಿಂದ ಹೊರಗೆ ಹಾಕಿದೆ. ಹೀಗೆಂದು ಚೀಟಿ ಎಳೆದುಕೊಂಡು ಹೊಸ ಅಂಕಿ ಬರೆದಳು.

"ಇದು ಯಾರಿಗೂ ಗೊತ್ತಿಲ್ಲ. ನಿಮಗೊಬ್ಬರಿಗೆ" ಎಂದಳು.

ಅವನು ಚಿಮಟ ಕೆಳಗಿಟ್ಟ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದೂ ಅವನಿಗೆ ಗೊತ್ತಿತ್ತು. ಕಣ್ಣಿನ ಗಾಜು ತೆಗೆದು ಪಕ್ಕಕ್ಕಿಟ್ಟ. ಮೇಜಿನ ಕೆಳಗಿನಿಂದ ಆ ಪುಸ್ತಕ ತೆಗೆದು, ಅವಳ ಹಾಳೆ ಬಿಚ್ಚಿ ಮುಂದಿಟ್ಟ.

"ನಿಮ್ಮ ತಂಗಿ ಹೇಳಿಲ್ಲಮ್ಮ. ಹೇಳಿದ್ದು ನಾನು."

ಅವಳು ತನ್ನದೇ ಕೈಬರಹದ ಆರು ನೀಲಿ ಅಂಕಿಗಳನ್ನು ಬಹಳ ಹೊತ್ತು ನೋಡಿದಳು.

"ಹೊಡೆದ್ರಾ?"

"ಇಲ್ಲ."

"ಹೆದರಿಸಿದ್ರಾ?"

"ಇಲ್ಲ. ಸಾರ್ ಅಂದ್ರು."

ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಮೊದಲ ಸಲ ಅನಿಸಿತು. ಅವಳು ಬೈಯಲಿಲ್ಲ. ಆ ದಿನ ಬರೆದ ಚೀಟಿಯನ್ನೂ ಅದರ ಅಡಿಪ್ರತಿಯನ್ನೂ ಹಳೆಯ ಹಾಳೆಯನ್ನೂ ಒಟ್ಟಿಗೆ ಕಿತ್ತು ಕೈಚೀಲಕ್ಕೆ ಹಾಕಿಕೊಂಡಳು. ಅವಳ ಫೋನ್ ಮೇಜಿನ ಮೇಲೆ ಎದೆ ಬಿಚ್ಚಿಕೊಂಡು ಬಿದ್ದಿತ್ತು. ನಿಮ್ಮದು ಕೊಡಿ, ತಂಗಿ ಜೊತೆ ಮಾತಾಡಬೇಕು ಎಂದಳು.

ಅವನು ತನ್ನ ಫೋನಿನ ಬೀಗ ತೆಗೆದು ಕೊಟ್ಟ. ಅವಳು ಮೆಟ್ಟಿಲಿನ ಮೇಲೆ ಬೆನ್ನು ಹಾಕಿ ನಿಂತಳು. "ನಾನು ಕಣೇ, ಇಡಬೇಡ" ಎಂದದ್ದು ಮಾತ್ರ ಅವನಿಗೆ ಕೇಳಿಸಿತು. ಆಮೇಲೆ ಅವಳ ಭುಜ ಅಲುಗುವುದು ಕಾಣಿಸಿತು. ಅವನು ತಲೆ ತಗ್ಗಿಸಿದ.

ಒಳಗೆ ಬಂದು ಅವಳು ಫೋನನ್ನು ಅಂಗೈಯಿಂದ ಒರೆಸಿ ಅವನ ಮುಂದಿಟ್ಟಳು.

"ಒಂದು ಫೋನ್ ಮಾಡಿದೆ, ಅಷ್ಟೆ. ಬೇರೇನೂ ನೋಡಿಲ್ಲ" ಎಂದಳು.

ಅದರಲ್ಲಿ ಕುಹಕವಿರಲಿಲ್ಲ. ಅವಳು ನಿಜವಾಗಿಯೂ ನೋಡಿರಲಿಲ್ಲ.