ಬೆಲ್ಲಿನ ಮೇಲಿನ ಸುಣ್ಣ

ಸಂಜೆಯಾದರೆ ನಮ್ಮ ಮನೆ ಬಾಗಿಲಿನ ಬೆಲ್ಲಿನ ಮೇಲೆ ಒಂದು ಬಿಳಿ ಬೆರಳಚ್ಚು ಮೂಡುತ್ತಿತ್ತು. ಭುಜಂಗಣ್ಣನದು. ಬೆಳಗ್ಗೆ ಗ್ರಾಂಟ್ ರೋಡಿನ ಹೋಟೆಲಿನ ಕೌಂಟರಿನಲ್ಲಿ ಕೂತು, ಮಧ್ಯಾಹ್ನ ವಡಾಲಕ್ಕೆ ಬಂದವರೇ ನಮ್ಮ ಕಾಲೊನಿಯ ಮೈದಾನದಲ್ಲಿ ಹಳೆಯ ಸ್ಟೀಲ್ ಜಗ್ಗಿನಿಂದ ಸುಣ್ಣದ ಪುಡಿ ಸುರಿದು ಖೋ-ಖೋ ಆಟದ ಗೆರೆ ಎಳೆಯುತ್ತಿದ್ದರು. ಕೈ ತೊಳೆಯದೆ ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆಯುವರು.

"ಸ್ವಾತೀನ ಕಳಿಸಿ ಅಕ್ಕ, ಬೆಳಕು ಹೋಗ್ತದೆ!"

ನಾನು ಒದ್ದೆ ಬಟ್ಟೆಯಿಂದ ಬೆಲ್ ಒರೆಸುತ್ತ ಗೊಣಗಿದರೆ, "ನಿಮ್ಮ ಬೆಲ್ಲಿಗೆ ದಿನಾ ಪುಕ್ಕಟೆ ಪೌಡರ್!" ಎಂದು ನಗುವರು.

ನಮ್ಮ ಭಾಗದ ಹುಡುಗಿಯರ ಖೋ-ಖೋ ಸಂಘಕ್ಕೆ ಅವರೇ ಕಾರ್ಯದರ್ಶಿ, ಅವರೇ ಕೋಚ್. ನಿಧಾನವಾಗಿ ಓಡುವವರಿಗೇ ಮೊದಲ ಆಟ ಎಂಬುದು ಅವರ ಪದ್ಧತಿ. "ಜೋರಿನವರು ಕತ್ತಲಲ್ಲೂ ಓಡ್ತಾರೆ ಮಾರಾಯ್ರೆ, ಇವರಿಗೆ ಬೆಳಕು ಬೇಕು." ನನ್ನ ಮಗಳು ಸ್ವಾತಿ ಓಟದಲ್ಲಿ ಎಲ್ಲರಿಗಿಂತ ಹಿಂದೆ, ಹಾಗಾಗಿ ಆಟಕ್ಕೆ ಎಲ್ಲರಿಗಿಂತ ಮುಂದೆ.

ಮೈದಾನದ ಬಾಡಿಗೆ ಸರಕಾರದ ಅನುದಾನದಿಂದ ಹೋಗುತ್ತಿತ್ತು. ಒಂದು ವರ್ಷ ಹೊಸ ನಿಯಮ ಬಂತು: ಪದಕ ತಂದ ಸಂಘಕ್ಕೆ ಮಾತ್ರ ಅನುದಾನ. ಕಚೇರಿಗೆ ಅಲೆದು ಅಲೆದು, ಕಡೆಗೊಂದು ಸಂಜೆ ಭುಜಂಗಣ್ಣ ಬಾಗಿಲಲ್ಲೇ ನಿಂತರು.

"ಎಂತ ಮಾಡುದು ಅಕ್ಕ? ಎಷ್ಟು ಮಕ್ಕಳು ಆಡ್ತಾರೆ ಅಂತ ಸಾಹೇಬ್ರು ಕೇಳುದೇ ಇಲ್ಲ. ಮೆಡಲ್ ಎಷ್ಟು, ಅಷ್ಟೇ. ಮೆಡಲ್ ಬಾರದಿದ್ರೆ ಮೈದಾನವೇ ಹೋಗ್ತದೆ. ಸ್ವಾತಿ ಸ್ವಲ್ಪ ಸಮಯ ಮನೆಯಲ್ಲೇ ಇರಲಿ."

ಜಡೆ ಬಿಗಿದು ಹೊರಟು ನಿಂತಿದ್ದ ಸ್ವಾತಿ ಒಳಗೆ ಹೋಗಿ ಟಿವಿ ಹಾಕಿದಳು.

ವೇಗದ ಹುಡುಗಿಯರು ಪದಕ ತಂದರು, ಮೈದಾನ ಉಳಿಯಿತು. ಆಮೇಲೆ ಅವರು ಒಬ್ಬೊಬ್ಬರಾಗಿ, ಆಟದಿಂದಲೇ ನೌಕರಿ ಸಿಕ್ಕಿ, ಬೇರೆ ತಂಡಗಳಿಗೆ ಹೋದರು. ಅಷ್ಟರಲ್ಲಿ ನಿಯಮ ಮತ್ತೆ ಬದಲಾಯಿತು. ಈಗ ದಿನವೂ ಎಷ್ಟು ಮಕ್ಕಳು ಆಡುತ್ತಾರೆ ಎಂಬುದರ ಮೇಲೆ ಅನುದಾನ.

ವರ್ಷಗಳ ಮೇಲೆ ಬೆಲ್ ಆಯಿತು. ಭುಜಂಗಣ್ಣ ಸೊರಗಿದ್ದರು.

"ಸ್ವಾತಿ ಬರ್ತಾಳಾ ಅಕ್ಕ?"

ಕಾಲೇಜಿನಿಂದ ಆಗಷ್ಟೇ ಬಂದಿದ್ದ ಸ್ವಾತಿ ನಕ್ಕಳು. "ಅಬ್ ಕ್ಯಾ ಅಂಕಲ್! ಛೋಟೀ ಬಚ್ಚಿಯೋಂ ಕೋ ಬುಲಾವೋ ನಾ."

"ಸಣ್ಣ ಹುಡುಗಿಯರನ್ನೂ ಕರೆದೆ ಮಗಾ. ನಾಳೆ ಪುನಃ ಬೇಡ ಅಂತೀರಾ ಅಂತ ಅವರ ತಾಯಂದಿರು ಕೇಳ್ತಾರೆ. ನಾನೆಂತ ಹೇಳುದು?"

ಕೊಟ್ಟ ಚಹಾವನ್ನು ಅರ್ಧ ಕುಡಿದು ಎದ್ದರು. ಅದೇ ಕೊನೆ. ಮೈದಾನ ಬೇರೆಯವರ ಪಾಲಾಯಿತು. ಭುಜಂಗಣ್ಣ ಊರಿಗೆ ಹೋದರಂತೆ.

ಅವತ್ತು ಅವರು ಮೆಟ್ಟಿಲಿಳಿದ ಮೇಲೆ ನಾನು ಹಳೇ ಅಭ್ಯಾಸದಂತೆ ಒದ್ದೆ ಬಟ್ಟೆ ಹಿಡಿದು ಬಾಗಿಲಿಗೆ ಬಂದೆ. ಬೆಲ್ಲಿನ ಮೇಲೆ ಒರೆಸಲು ಏನೂ ಇರಲಿಲ್ಲ.