ಹದಿಮೂರಕ್ಕೆ ಬರುತ್ತೇನೆಂದ ಅತ್ತೆ

"ಅಮ್ಮಾ, ಅತ್ತೆ ಬಾವಲೀನಾ?"

ಐದು ವರ್ಷದ ಮಗಳು ಹೀಗೆ ಕೇಳಿದಾಗ ಜಡೆ ಹೆಣೆಯುತ್ತಿದ್ದ ತಾಯಿಗೆ ನಗು ತಡೆಯಲಾಗಲಿಲ್ಲ. ತನ್ನ ಅತ್ತೆ ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎದ್ದಿರುತ್ತಾಳೆಂದು ಮಗಳು ತರಗತಿಯಲ್ಲಿ ಕೊಚ್ಚಿಕೊಂಡಿದ್ದಳಂತೆ. "ಹಾಗಿರೋದು ಬಾವಲಿ. ನೀನು ಬರೀ ಬುರುಡೆ ಬಿಡ್ತೀಯ" ಎಂದಳಂತೆ ಪಕ್ಕದವಳು. ಜಗಳ ಬಿಡಿಸಲಾಗದೆ ಟೀಚರ್, "ನಿಮ್ಮತ್ತೇನೇ ಬಂದು ಹೇಳಲಿ. ಹದಿಮೂರನೇ ತಾರೀಕು, ಬೆಳಗ್ಗೆ ಹತ್ತಕ್ಕೆ" ಎಂದುಬಿಟ್ಟಿದ್ದರು.

ತಾಯಿ ಅಂದೇ ನಾದಿನಿಗೆ ಫೋನ್ ಮಾಡಿದಳು.

"ಹದಿಮೂರು ತಾನೇ ಅತ್ತಿಗೆ? ಬಂದೇ ಬರ್ತೀನಿ. ಪುಟ್ಟಿ ಮಾನ ನನ್ನ ಕೈಲಿದೆ ಅಂತ ಹೇಳಿ!"

ನಾದಿನಿಗೆ ಬೆಟ್ಟದ ತುದಿಯ ವೀಕ್ಷಣಾಲಯದಲ್ಲಿ ಕೆಲಸ. ವಿಜ್ಞಾನಿಗಳು ಮೂರೇ ಮೂರು ರಾತ್ರಿಗಾಗಿ ಒಂದು ವರ್ಷ ಮೊದಲೇ ಅರ್ಜಿ ಹಾಕಿ ಅಲ್ಲಿಗೆ ಬರುತ್ತಾರೆ. ನಕ್ಷತ್ರಗಳ ವಿಷಯ ಅವರಿಗೆ ಅರೆದು ಕುಡಿದಷ್ಟು ಗೊತ್ತು. ಆ ದೂರದರ್ಶಕದ ಹಟಮಾರಿತನ ಮಾತ್ರ ಗೊತ್ತಿಲ್ಲ. ಅದು ಗೊತ್ತಿರುವವಳು ಇವಳು. ಇಳಿಹೊತ್ತಿಗೆ ಎದ್ದು, ಕ್ಯಾಮೆರಾ ಬಿಸಿಯಾಗದಂತೆ ಅದಕ್ಕೆ ದ್ರವ ಸಾರಜನಕ ತುಂಬುತ್ತಾಳೆ, ಥೇಟ್ ಮಗುವಿಗೆ ಹಾಲು ಕುಡಿಸುವ ಜೋಪಾನದಲ್ಲಿ. ಗಾಳಿಯಲ್ಲಿ ತೇವ ಏರಿದರೆ ಎಂಥ ದೊಡ್ಡವರು ಗೋಗರೆದರೂ ಗುಮ್ಮಟದ ಬಾಗಿಲು ಮುಚ್ಚಿಸುತ್ತಾಳೆ. ಮೂರು ರಾತ್ರಿಯೂ ಮೋಡ ಕವಿದು ಮುಖ ಬಾಡಿಸಿಕೊಂಡವರಿಗೆ ಬಿಸಿ ಟೀ ಬಗ್ಗಿಸಿ, "ನಿಮ್ಮ ನಕ್ಷತ್ರ ಎಲ್ಲೂ ಓಡಿಹೋಗಲ್ಲ ಸಾರ್" ಎನ್ನುತ್ತಾಳೆ.

ಅಲ್ಲಿನ ದಿನಚರಿ ಪುಸ್ತಕಕ್ಕೊಂದು ಪದ್ಧತಿಯಿದೆ. ಒಂದು ರಾತ್ರಿಗೆ ಎರಡು ತಾರೀಕು ಬಿದ್ದರೆ ಗೊಂದಲವೆಂದು, ಮಧ್ಯರಾತ್ರಿ ಕಳೆದರೂ ಅವರು ತಾರೀಕು ಬದಲಿಸುವುದಿಲ್ಲ. ಹನ್ನೆರಡರ ಸಂಜೆ ಶುರುವಾದ ರಾತ್ರಿ ಬೆಳಗಾದ ಮೇಲೂ ಹನ್ನೆರಡೇ. ಮರುದಿನ ಮಧ್ಯಾಹ್ನಕ್ಕೇ ಅವರಿಗೆ ಹದಿಮೂರು.

ಹಾಗಾಗಿ ಆ ದಿನ ಬೆಳಗ್ಗೆ ಅವಳು ಪುಸ್ತಕದಲ್ಲಿ "ಹನ್ನೆರಡು, ಆಕಾಶ ನಿರ್ಮಲ" ಎಂದು ಬರೆದು, ರುಜು ಹಾಕಿ, ಕೋಣೆಯ ಕಪ್ಪು ಪರದೆ ಎಳೆದು ನೆಮ್ಮದಿಯಾಗಿ ಮಲಗಿದಳು. ಇನ್ನೊಂದು ರಾತ್ರಿ ಮುಗಿಸಿ ಶಾಲೆಗೆ ಹೊರಟರಾಯಿತು!

ಹತ್ತೂ ಐದಕ್ಕೆ ಫೋನ್ ಬಡಿದುಕೊಂಡಿತು.

"ಎಲ್ಲಿದೀಯೇ?" ಅತ್ತಿಗೆಯ ಪಿಸುದನಿ.

"ಹಾಸಿಗೇಲಿ."

"ಹಾಸಿಗೇಲಾ! ಇಲ್ಲಿ ಮಕ್ಕಳೆಲ್ಲ ಕೈಕಟ್ಟಿ ಕೂತಿದಾರೆ. ನಿನ್ನ ಸೊಸೆ ಬಾಗಿಲು ಬಿಟ್ಟು ಕದಲ್ತಿಲ್ಲ."

"ಇವತ್ತಿನ್ನೂ ಹನ್ನೆರಡಲ್ವಾ ಅತ್ತಿಗೆ?"

"ಯಾವ ಲೋಕದಲ್ಲೇ ಹನ್ನೆರಡು?"

"ಇಲ್ಲಿ... ಮಧ್ಯಾಹ್ನದವರೆಗೂ..." ಎನ್ನುತ್ತಲೇ ಅವಳಿಗೆ ನಿದ್ದೆ ಹಾರಿಹೋಯಿತು. "ಅಯ್ಯೋ, ಕೆಟ್ಟೆ! ಪುಟ್ಟಿ ಅಳ್ತಿದಾಳಾ?"

"ಇಲ್ಲ. ಅದೇ ನೋಡೋಕಾಗ್ತಿಲ್ಲ. ತುಟಿ ಕಚ್ಚಿಕೊಂಡು ನಿಂತಿದಾಳೆ. ಟೀಚರ್‌ಗೆ ಹೇಳಿ ಕೊನೇ ಪೀರಿಯಡ್ ಮಾಡಿಸ್ತೀನಿ. ಎರಡೂವರೆ. ಆಮೇಲೆ ನನ್ನ ಕೈಲಾಗಲ್ಲ."

ಕೆಳಗಿಳಿಯಲು ಇದ್ದದ್ದು ಬಟ್ಟೆ ಒಗೆಯಲು ಒಯ್ಯುವ ವ್ಯಾನೊಂದೇ, ಅದೂ ಹನ್ನೊಂದೂವರೆಗೆ. ಅವಳು ಹೊದಿಕೆಗಳ ಮೂಟೆಯ ಮೇಲೆ ಕೂತಳು. ಮೊದಲ ತಿರುವಿಗೇ ಕಣ್ಣು ಎಳೆಯಿತು. ಡ್ರೈವರ್ ಶಾಲೆಯ ಮುಂದೆ ನಿಲ್ಲಿಸಿ, "ಮೇಡಂ, ನಿಮ್ಮನ್ನೂ ಒಗೆಯೋಕೆ ಹಾಕಲಾ?" ಎಂದಾಗಲೇ ಎಚ್ಚರ.

ಎರಡು ಇಪ್ಪತ್ತು. ತಲೆಗೆ ಉಣ್ಣೆ ಟೋಪಿ, ಕಾಲಿಗೆ ಒಂದೊಂದು ಬಣ್ಣದ ಕಾಲುಚೀಲ. ಬಾಗಿಲಲ್ಲಿದ್ದ ಸೊಸೆ ಅತ್ತೆಯ ಕಿರುಬೆರಳು ಹಿಡಿದು ಸೀದಾ ಪಕ್ಕದವಳ ಬೆಂಚಿನ ಮುಂದೆ ನಿಲ್ಲಿಸಿದಳು.

"ಅತ್ತೆ, ಇವಳಿಗೆ ಮೊದಲು ಹೇಳು."

"ನೀವು ನಿಜವಾಗ್ಲೂ ಹಗಲಲ್ಲಿ ಮಲಗ್ತೀರಾ ಆಂಟಿ?" ಎಂದಳು ಪಕ್ಕದವಳು, ಗುಮಾನಿಯಿಂದ.

"ಮಲಗಿಬಿಟ್ಟೇ ತಡವಾಗಿದ್ದು ಕಣಮ್ಮ. ಆದ್ರೆ ತಲೆಕೆಳಗಾಗಿ ನೇತಾಡೋದು ಇನ್ನೂ ಕಲಿತಿಲ್ಲ."

ತರಗತಿ ಘೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸೊಸೆಯೇ.

ಸಂಜೆಯ ಬಸ್ಸಿಗೆ ಕಾಯುವಾಗ ನಾದಿನಿ ಟೋಪಿ ಸರಿಮಾಡಿಕೊಳ್ಳುತ್ತ ಮೆಲ್ಲಗೆ ಕೇಳಿದಳು: "ಅತ್ತಿಗೆ, ಒಂದು ಉಪಕಾರ ಮಾಡ್ತೀರಾ? ದಿನಾ ಇಳಿಹೊತ್ತಿಗೆ, ನಾನು ಏಳೋ ಸಮಯಕ್ಕೆ, ಒಂದು ಮೆಸೇಜ್ ಹಾಕಿ. ಉದ್ದ ಬೇಡ. ಕೆಳಗೆ ಇವತ್ತು ಎಷ್ಟನೇ ತಾರೀಕು, ನಾಳೆ ಪುಟ್ಟಿಗೆ ಏನಿದೆ, ಅಷ್ಟು ಬರೆದ್ರೆ ಸಾಕು."