ಮುನಿಶಾಮಣ್ಣ ಓಡಿಸಿದ ರೈಲು

ಮುನಿಶಾಮಣ್ಣನ ಹುಬ್ಬು ಮತ್ತೆ ಬಂದಿದೆ.

ಇದೂ ಒಂದು ಅಂಕಣಕ್ಕೆ ವಿಷಯವಾ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಅರವತ್ತು ದಾಟಿದ ಒಬ್ಬ ರೈತರ ಹುಬ್ಬು ಹೋದರೆಷ್ಟು, ಬಂದರೆಷ್ಟು? ಆದರೆ ಬೇಸಿಗೆಯಿಂದ ಈಚೆಗೆ ನಾವೊಂದಷ್ಟು ಜನ ಭಾನುವಾರ ಬಂತೆಂದರೆ ಮೊದಲು ಅವರ ಮುಖ ನೋಡುತ್ತಿದ್ದೆವು. ಮೊದಮೊದಲು ಬೋಳು. ಆಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದ ಹಾಗೆ ಒಂದು ಗೆರೆ. ಈಗ ಮೊದಲಿಗಿಂತ ದಟ್ಟವಾಗಿಯೇ ಇದೆ. (ಬಣ್ಣ ಮಾತ್ರ ಪೂರ್ತಿ ಬಿಳಿ. ಅದನ್ನು ಅವರ ಮುಂದೆ ಹೇಳುವ ಧೈರ್ಯ ಯಾರಿಗೂ ಇಲ್ಲ.)

ಹುಬ್ಬು ಹೋದ ಕಥೆ ಹೇಳಬೇಕಾದರೆ ಮೊದಲು ನಮ್ಮ ರೈಲಿನ ಕಥೆ ಹೇಳಬೇಕು.

ನಂದಿಯಿಂದ ಸ್ವಲ್ಪ ಆಚೆ, ಒಂದು ಸಣ್ಣ ಗುಡ್ಡದ ಬುಡದಲ್ಲಿ ಮುನಿಶಾಮಣ್ಣನ ಮಾವಿನ ತೋಪಿದೆ. ಆ ತೋಪನ್ನು ಸುತ್ತಿ ಬರುವ ಪುಟ್ಟ ರೈಲು ನಮ್ಮದು. ಹಳಿಯ ಅಗಲ ಒಂದು ಮೊಳವೂ ಇಲ್ಲ. ಬೋಗಿಯ ಒಳಗೆ ಕೂರುವ ಹಾಗಿಲ್ಲ, ಕುದುರೆ ಹತ್ತಿದಂತೆ ಅದರ ಮೇಲೆ ಕಾಲು ಅತ್ತಿತ್ತ ಹಾಕಿ ಕೂರಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮೆಷಿನ್ ರಿಪೇರಿ ಮಾಡುವ ಅನ್ವರ್ ಭಾಯ್ ಒಂದು ಹಳೇ ಆಟೋ ಬಿಚ್ಚಿ ಇದರ ಎಂಜಿನ್ ಕಟ್ಟಿದರು. ಹಾರ್ನ್ ಕೂಡ ಆಟೋದ್ದೇ. ಗೌರಿಬಿದನೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ಸುಜಾತ ಇದರ ಡ್ರೈವರ್. ನಾನು ಗಾರ್ಡ್. ಹಸಿರು ಬಾವುಟ, ಕತ್ತಿನಲ್ಲೊಂದು ಸೀಟಿ. ಸ್ಕೂಲಿನಲ್ಲಿ ನನ್ನ ಮಾತು ಮಕ್ಕಳು ಕೇಳುವುದಿಲ್ಲ, ಮನೆಯಲ್ಲಿ ಗಂಡ ಕೇಳುವುದಿಲ್ಲ. ಇಲ್ಲಿ ನಾನು ಊದದೆ ಒಂದು ಚಕ್ರವೂ ಅಲ್ಲಾಡುವಂತಿಲ್ಲ!

ನಮಗ್ಯಾರಿಗೂ ಸಂಬಳವಿಲ್ಲ. ಹತ್ತುವವರಿಗೆ ಟಿಕೆಟ್ಟಿಲ್ಲ. ‘ಮತ್ತೆ ಯಾಕೆ ಮಾಡ್ತೀರಿ?’ ಅಂತ ಕೇಳದ ನೆಂಟರಿಲ್ಲ.

ಮುನಿಶಾಮಣ್ಣ ಚಿಕ್ಕಂದಿನಲ್ಲಿ ನಮ್ಮ ಕಡೆ ಓಡುತ್ತಿದ್ದ ಸಣ್ಣ ಹಳಿಯ ರೈಲು ನೋಡಿ ಬೆಳೆದವರು. ಅದು ಹೋಗಿ ದೊಡ್ಡ ಹಳಿ ಬಂದದ್ದು ಅವರಿಗೆ ಇವತ್ತಿಗೂ ಅಷ್ಟು ಇಷ್ಟವಿಲ್ಲ. ಜಾಗ ಅವರದು, ಷೆಡ್ಡು ಅವರದು. ಆದರೆ ಒಂದು ದಿನವೂ ಎಂಜಿನ್ ಮೇಲೆ ಕೂತವರಲ್ಲ. ಮರದ ಕೆಳಗೆ ಕುರ್ಚಿ ಹಾಕಿಕೊಂಡು, ‘ಓಡ್ಸೋದು ನಿಮ್ಮ ಕೆಲ್ಸ, ನೋಡೋದು ನನ್ನ ಕೆಲ್ಸ’ ಅನ್ನುವರು. ಅವರ ಹೆಂಡತಿ ಲಕ್ಷ್ಮೀದೇವಕ್ಕನಂತೂ ತೋಪಿನ ಗೇಟು ದಾಟಿ ಒಳಗೆ ಬಂದದ್ದೇ ಅಪರೂಪ. ‘ಮುದುಕರಿಗೆ ಹುಚ್ಚು’ ಎಂಬುದು ಅವರ ಒಟ್ಟಾರೆ ಅಭಿಪ್ರಾಯವಾಗಿತ್ತು.

ಇನ್ನು ಬೆಂಕಿ.

ಅದು ಬೇಸಿಗೆಯ ಶುರು, ಶನಿವಾರದ ಮಧ್ಯಾಹ್ನ. ಚಿಕ್ಕಬಳ್ಳಾಪುರದ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಸುಜಾತಳ ಫೋನ್.

“ಅಕ್ಕಾ, ಗುಡ್ಡ ಹತ್ಕೊಂಡಿದೆ. ನಮ್ಮ ಕಡೇಗೇ ಇಳೀತಾ ಇದೆ. ಬೇಗ ಬನ್ನಿ!”

ಸ್ಕೂಟರಿನಲ್ಲಿ ಹೋಗುವಾಗ ದೂರದಿಂದಲೇ ಹೊಗೆ ಕಾಣಿಸಿತು. ಗುಡ್ಡದ ಮೇಲಿನ ಒಣ ಹುಲ್ಲು, ಲಂಟಾನ ಪೊದೆ ಎಲ್ಲ ಉರಿಯುತ್ತಿತ್ತು. ಹೇಗೆ ಹತ್ತಿತೋ, ಯಾರಿಗೂ ಗೊತ್ತಿಲ್ಲ. ಗಾಳಿ ಮಾತ್ರ ನೇರ ನಮ್ಮ ತೋಪಿನ ಕಡೆಗೇ ಬೀಸುತ್ತಿತ್ತು. ಊರಿನ ಗಂಡಸರು ಹೆಂಗಸರು ಹೊಂಗೆ ಸೊಪ್ಪಿನ ಕೊಂಬೆ ಹಿಡಿದು ಬೆಂಕಿಗೆ ಬಡಿಯುತ್ತಿದ್ದರು. ಅಗ್ನಿಶಾಮಕದ ಗಾಡಿಯವರು ಬಂದು, ದನದ ಕೊಟ್ಟಿಗೆಗಳ ಕಡೆ ಬೆಂಕಿ ಹೋಗದ ಹಾಗೆ ಪೈಪು ಹಿಡಿದು ನಿಂತಿದ್ದರು. ಸರಿಯೇ ತಾನೆ? ದನ ಮೊದಲು. ರೈಲು ಆಮೇಲೆ.

ತೋಪಿನ ಗೇಟಿನಲ್ಲಿ ಲಕ್ಷ್ಮೀದೇವಕ್ಕ ನಿಂತಿದ್ದರು. ಕೈಯಲ್ಲಿ ಗಂಡನ ಮೊಬೈಲು.

“ಟೀಚರಮ್ಮಾ, ಇವ್ರು ಒಳಕ್ಕೆ ಹೋದ್ರು ಕಣಮ್ಮ. ಷೆಡ್ ಕಡೆ ಹೋದ್ರು. ಫೋನು ಮನೇಲೇ ಚಾರ್ಜಿಗೆ ಹಾಕಿ ಹೋಗವ್ರೆ. ಹೆಂಗೆ ಕರೀಲಿ ಈಗ?”

ಷೆಡ್ಡು ಕಾಣುತ್ತಲೇ ಇರಲಿಲ್ಲ. ಬರೀ ಹೊಗೆ. ಅನ್ವರ್ ಭಾಯ್ ಟವೆಲ್ ಒದ್ದೆ ಮಾಡಿ ಮುಖಕ್ಕೆ ಸುತ್ತಿಕೊಂಡು ನುಗ್ಗಲು ಹೊರಟರು. ಅಗ್ನಿಶಾಮಕದವರಲ್ಲೊಬ್ಬರು ತೋಳು ಹಿಡಿದು ಎಳೆದರು. “ಒಬ್ರನ್ನ ಹುಡುಕೋಕೆ ಹೋಗಿ ಇಬ್ರಾಗೋದು ಬೇಡ. ನಾವು ನೋಡ್ತೀವಿ, ಹಿಂದೆ ಸರೀರಿ.”

“ಟ್ಯಾಂಕಲ್ಲಿ ಪೆಟ್ರೋಲ್ ಇದೆ ಸಾರ್!” ಅಂದಳು ಸುಜಾತ. ಅವಳ ಧ್ವನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅಷ್ಟರಲ್ಲಿ ಷೆಡ್ಡಿನ ಸಿಮೆಂಟ್ ಶೀಟುಗಳು ಪಟಪಟ ಸಿಡಿಯತೊಡಗಿದವು. ಪಟಾಕಿ ಸರದ ಹಾಗೆ. ಆಮೇಲೆ ದೊಡ್ಡದೊಂದು ಸದ್ದು, ಚಾವಣಿ ಕುಸಿಯಿತು. ಲಕ್ಷ್ಮೀದೇವಕ್ಕ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತರು. ಅಳಲಿಲ್ಲ. ಆ ಮೊಬೈಲನ್ನು ಎದೆಗೊತ್ತಿಕೊಂಡು ಹೊಗೆಯನ್ನೇ ನೋಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಏನು ಹೇಳಬೇಕು? ಇಂಥ ಹೊತ್ತಿನಲ್ಲಿ ಹೇಳುವಂಥ ಮಾತು ನಿಮಗೆ ಯಾರಿಗಾದರೂ ಗೊತ್ತಿದ್ದರೆ ನನಗೂ ತಿಳಿಸಿ.

ಆಗ ಕೇಳಿಸಿತು. ಪೋಂ.

ಮೊದಲು ನನ್ನ ಭ್ರಮೆ ಅಂದುಕೊಂಡೆ. ಮತ್ತೆ, ಪೋಂ ಪೋಂ. ರಸ್ತೆಯ ಕಡೆಯಿಂದಲ್ಲ, ತೋಪಿನ ಆ ಕೊನೆಯಿಂದ. ಅಲ್ಲೊಂದು ಕುಂಟೆಯಿದೆ, ಮಳೆನೀರು ನಿಲ್ಲುವ ಸಣ್ಣ ಹೊಂಡ. ಎಂಜಿನ್ ತೊಳೆಯಲಿಕ್ಕೆಂದು ಅಲ್ಲಿಯವರೆಗೆ ಒಂದು ಕವಲು ಹಳಿ ಹಾಕಿದ್ದೆವು.

ಅನ್ವರ್ ಭಾಯ್ ಬೇಲಿ ಬಳಸಿ ಓಡಿದರು. ನಾವೆಲ್ಲ ಹಿಂದೆಯೇ. ಲಕ್ಷ್ಮೀದೇವಕ್ಕ ನಮ್ಮೆಲ್ಲರಿಗಿಂತ ಮುಂದೆ!

ಹೋಗಿ ನೋಡಿದರೆ, ನೀರು ತಳ ಹಿಡಿದ ಕುಂಟೆಯ ಕೆಸರಿನಲ್ಲಿ ನಮ್ಮ ಎಂಜಿನ್ ಮೂತಿ ಊರಿಕೊಂಡು ಮಲಗಿತ್ತು. ಅದಕ್ಕೊರಗಿ ಮೊಣಕಾಲುದ್ದದ ಕೆಸರಿನಲ್ಲಿ ಕೂತಿದ್ದರು ಮುನಿಶಾಮಣ್ಣ. ಮುಖವೆಲ್ಲ ಮಸಿ. ಹುಬ್ಬಿನ ಜಾಗದಲ್ಲಿ ಹುಬ್ಬಿಲ್ಲ. ಒಂದು ಕೈ ಹಾರ್ನ್ ಮೇಲೆ.

ಆದದ್ದಿಷ್ಟು. ಭಾನುವಾರಗಳಲ್ಲಿ ಸುಜಾತ ಲಿವರ್ ಎಳೆದು ಸ್ಟಾರ್ಟ್ ಮಾಡುವುದನ್ನು ನೋಡಿ ನೋಡಿ ಅವರಿಗೆ ಅದು ಬರುತ್ತಿತ್ತು. ಬೆಂಕಿ ಷೆಡ್ಡಿನ ಹಿಂದಕ್ಕೆ ಬಂದಾಗ ಎಳೆದರು, ಎಂಜಿನ್ ಶುರುವಾಯಿತು, ಹೊರಟೇಬಿಟ್ಟಿತು. ನಿಲ್ಲಿಸುವುದು ಹೇಗೆಂದು ಮಾತ್ರ ಅವರು ಯಾವತ್ತೂ ಗಮನಿಸಿರಲಿಲ್ಲ. ಬ್ರೇಕ್ ಸೀಟಿನ ಕೆಳಗೆ, ಕಾಲಿನ ಹತ್ತಿರ ಇದೆ. ಅವರು ಕೈಯಲ್ಲಿ ಹುಡುಕುತ್ತಾ ಹುಡುಕುತ್ತಾ ಹಳಿಯೇ ಮುಗಿದುಹೋಯಿತು.

ಅಗ್ನಿಶಾಮಕದವರಿಗೆ ಮುನಿಶಾಮಣ್ಣ ಹೇಳಿದ್ದು, “ಪೆಟ್ರೋಲಿತ್ತಲ್ಲ ಸ್ವಾಮಿ, ಸಿಡಿದ್ರೆ ಪಕ್ಕದೋರ ಬಣವೆಗೆ ಹತ್ಕೊಳ್ಳೋದು. ಅದಕ್ಕೇ ಈಚೆಗೆ ತಂದೆ.” ಅಗ್ನಿಶಾಮಕದವರು ತಲೆಯಾಡಿಸಿದರು. ಬೈದರು ಕೂಡ. (ಬೈಯಬೇಕಾದ್ದೇ.)

ಲಕ್ಷ್ಮೀದೇವಕ್ಕನಿಗೆ ಕೋಪ ಬಂದರೆ ತವರಿನ ತೆಲುಗು ಬರುತ್ತದೆ. “ಏಮಯ್ಯಾ! ಬುದ್ಧಿ ಉಂದಾ ನೀಕು?” ಅಂತ ಶುರುಮಾಡಿ, ಉಸಿರು ಸಾಲದೆ ಕನ್ನಡಕ್ಕೆ ಬಂದರು. “ನಾನು ಮುಖ್ಯಾನೋ, ಈ ರೈಲು ಮುಖ್ಯಾನೋ? ಹೇಳ್ರೀ!”

ಮುನಿಶಾಮಣ್ಣ ಕೆಸರಿನಲ್ಲೇ ಕೂತು ಹೆಂಡತಿಯನ್ನು ನೋಡಿದರು.

“ನೀನು ಗೇಟಲ್ಲಿ ಜನರ ಮಧ್ಯೆ ಇದ್ದೆ ಕಣೇ. ಅದು ಒಳಗೆ ಒಂದೇ ಇತ್ತು.”

ಲಕ್ಷ್ಮೀದೇವಕ್ಕ ಆಗ ಅತ್ತರು. ನಾವೆಲ್ಲ ಬೇರೆ ಕಡೆ ಮುಖ ತಿರುಗಿಸಿಕೊಂಡು ಎಂಜಿನ್ ನೋಡುವ ನಾಟಕ ಮಾಡಿದೆವು.

ಬೆಂಕಿ ಸಂಜೆಯ ಹೊತ್ತಿಗೆ ಆರಿತು. ದನಕರು, ಜನ, ಮನೆ, ಯಾವುದಕ್ಕೂ ಏನೂ ಆಗಿರಲಿಲ್ಲ. ಮುನಿಶಾಮಣ್ಣನ ಎಡಗೈಗೆ ಸುಟ್ಟ ಗಾಯ, ಅಷ್ಟೆ. ನಮ್ಮ ರೈಲಿಗೆ ಮಾತ್ರ ಎಲ್ಲವೂ ಆಗಿತ್ತು. ಹಳಿಯ ಕೆಳಗಿನ ಮರದ ಸ್ಲೀಪರುಗಳು ಇದ್ದಿಲಾಗಿದ್ದವು. ಹಳಿ ಅಲ್ಲಲ್ಲಿ ಬಾಗಿತ್ತು. ಬೋಗಿಗಳಲ್ಲಿ ಉಳಿದದ್ದು ಬರೀ ಚಕ್ರ. ಬಿದಿರಿನಲ್ಲಿ ಕಟ್ಟಿದ್ದ ಸ್ಟೇಷನ್ ಎಲ್ಲಿತ್ತೆಂದು ತೋರಿಸಲಿಕ್ಕೂ ಗುರುತಿರಲಿಲ್ಲ. ಗುಡ್ಡದ ಕಡೆಯ ಮಾವಿನ ಮರಗಳು ಹೂವಿನ ಸಮೇತ ಸೀದುಹೋಗಿದ್ದವು.

ನೋಡಲು ಬಂದ ನೆಂಟರೊಬ್ಬರು ಸಮಾಧಾನ ಹೇಳಿದರು. “ಹೋಗ್ಲಿ ಬಿಡಿ, ಆಟದ ರೈಲು ತಾನೆ?”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಚುಚ್ಚಿತು. ಸುಟ್ಟದ್ದು ಅಂಗಡಿಯಾಗಿದ್ದರೆ, ಟ್ರ್ಯಾಕ್ಟರ್ ಆಗಿದ್ದರೆ ಹಾಗೆ ಹೇಳುತ್ತಿದ್ದರಾ? ದುಡಿಯುವ ವಸ್ತು ಹೋದರೆ ನಷ್ಟ, ನಗಿಸುವ ವಸ್ತು ಹೋದರೆ ‘ಹೋಗ್ಲಿ ಬಿಡಿ’. ದೊಡ್ಡವರಾದ ಮೇಲೆ ನಮ್ಮ ಲೆಕ್ಕಾಚಾರ ಎಷ್ಟು ಒಣಗಿಹೋಗುತ್ತದೆ ನೋಡಿ!

ಆದರೆ ಲಕ್ಷ್ಮೀದೇವಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟರು. “ಇನ್ಮೇಲೆ ಆ ರೈಲಿನ ಸುದ್ದಿ ನಮ್ಮನೇಲಿ ಎತ್ಬೇಡಿ.” ನಾವು ಎತ್ತಲಿಲ್ಲ. ಎತ್ತುವ ಮುಖ ಯಾರಿಗಿತ್ತು? ಗಂಡನನ್ನು ಕಳೆದುಕೊಂಡೆ ಅಂತ ಮಣ್ಣಿನಲ್ಲಿ ಕೂತವರು ಅವರು. ಮುನಿಶಾಮಣ್ಣನೂ ಸುಮ್ಮನಾದರು. ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಜಗಲಿಯಲ್ಲಿ ಕೂತರೆ ತೋಪಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ನಾವು ಒಂದು ವಿಷಯ ಮರೆತಿದ್ದೆವು. ಬೆಂಕಿಯ ಸುದ್ದಿ ಎಲ್ಲರಿಗೂ ಮುಟ್ಟಿರಲಿಲ್ಲ. ಭಾನುವಾರ ಆಯಿತೆಂದರೆ ಜನ ಬರುತ್ತಿದ್ದರು. ಚಿಂತಾಮಣಿಯಿಂದ, ಪೆರೇಸಂದ್ರದಿಂದ, ಬೈಕಿನಲ್ಲಿ, ಆಟೋದಲ್ಲಿ, ಊಟದ ಡಬ್ಬಿ ಕಟ್ಟಿಕೊಂಡು. ಗೇಟಿನ ಎದುರಿಗೇ ಮನೆ, ಹಾಗಾಗಿ ಉತ್ತರ ಹೇಳುವ ಕೆಲಸ ಲಕ್ಷ್ಮೀದೇವಕ್ಕನ ಪಾಲಿಗೆ ಬಂತು.

“ರೈಲಿಲ್ಲಪ್ಪ, ಸುಟ್ಟೋಯ್ತು.”

“ಅಯ್ಯೋ! ಯಾರಿಗಾದ್ರೂ ಏನಾದ್ರೂ ಆಯ್ತಾ ಅಮ್ಮ?”

ಎಲ್ಲರೂ ಮೊದಲು ಕೇಳುತ್ತಿದ್ದದ್ದು ಇದನ್ನೇ ಅಂತೆ. ರೈಲು ಮತ್ತೆ ಯಾವಾಗ ಅಂತ ಅಲ್ಲ. ‘ಮರದ ಕೆಳಗೆ ಕೂತಿರ್ತಿದ್ರಲ್ಲ, ಯಜಮಾನ್ರು, ಅವರು ಚೆನ್ನಾಗಿದ್ದಾರಾ?’ ಅಂತ. ಕೆಲವರು ಜಗಲಿಗೆ ಬಂದು ಮುನಿಶಾಮಣ್ಣನ ಕೈ ನೋಡಿ ಹೋದರು. ತಂದ ಚಿತ್ರಾನ್ನವನ್ನು ಅಲ್ಲೇ ಬಿಚ್ಚಿ ಅವರಿಗೂ ಬಡಿಸಿದರು.

“ಇಷ್ಟು ಜನಕ್ಕೆ ಇವ್ರು ಗೊತ್ತು ಅಂತ ನಂಗೇ ಗೊತ್ತಿರ್ಲಿಲ್ಲ ಟೀಚರಮ್ಮ” ಅಂದರು ಲಕ್ಷ್ಮೀದೇವಕ್ಕ ನನಗೆ ಫೋನಿನಲ್ಲಿ. ಆ ಫೋನು ಅವರೇ ಮಾಡಿದ್ದು. ಆಮೇಲೆ, “ಜಂಗಮಕೋಟೆಯಿಂದ ಒಬ್ರು ಗಂಡ ಹೆಂಡ್ತಿ ಬಂದವ್ರೆ. ಕಲ್ಲು ಕಲ್ಲು ಅಂತ ಏನೋ ಹೇಳ್ತಾವ್ರೆ. ಬಂದು ಮಾತಾಡಿ” ಅಂದರು.

ಅನ್ವರ್ ಭಾಯ್, ಸುಜಾತ ಇಬ್ಬರ ಜೊತೆ ಹೋದೆ. ಬಂದಿದ್ದವರು ರೇಷ್ಮೆ ಸಾಕುವವರು. ದ್ರಾಕ್ಷಿ ತೋಟ ತೆಗೆದು ಹಿಪ್ಪುನೇರಳೆ ಹಾಕಿದ್ದಾರೆ. ಚಪ್ಪರದ ಕಲ್ಲು ಕಂಬಗಳು, ಮುರಿದವು, ಅರ್ಧವಾದವು, ಹೊಲದ ಬದುವಿನಲ್ಲಿ ರಾಶಿ ಬಿದ್ದಿವೆ. “ಮರ ಆದ್ರೆ ಸುಡುತ್ತೆ. ಕಲ್ಲಿನ ಮೇಲೆ ಹಳಿ ಕೂರ್ಸೋಕಾಗಲ್ವಾ?” ಅಂದರು ಆಕೆ.

ಅನ್ವರ್ ಭಾಯ್ ತಲೆ ಕೆರೆದುಕೊಂಡರು. ಆಗುತ್ತೆ ಅಂದರು. ಕಬ್ಬಿಣದ ಪಟ್ಟಿಯಿಂದ ಎರಡು ಹಳಿ ಬಿಗಿದು, ಕೆಳಗೆ ಕಲ್ಲು ಕೊಟ್ಟರೆ ಆಗುತ್ತೆ. “ಸ್ವಲ್ಪ ಕುಲುಕುತ್ತೆ ಮೇಡಮ್ಮ. ಕುಲುಕ್ಲಿ. ಜನಕ್ಕೆ ತಿಂದಿದ್ದು ಜೀರ್ಣ ಆಗುತ್ತೆ!”

ಎಲ್ಲರ ಕಣ್ಣೂ ಲಕ್ಷ್ಮೀದೇವಕ್ಕನ ಮೇಲೆ. ಅವರು ಸೆರಗು ಸಿಕ್ಕಿಸಿಕೊಂಡು ಹೇಳಿದರು. “ಮಾಡಿ. ಆದ್ರೆ ನಂದೊಂದು ಕಂಡೀಷನ್. ಇವ್ರಿಗೆ ಓಡ್ಸೋದು ಕಲ್ಸಿ. ಬ್ರೇಕು ಸಮೇತ. ಇವ್ರ ಜೊತೆ ನಂಗೂ ಕಲ್ಸಿ. ಇನ್ನೊಂದ್ಸಲ ನಾನು ಗೇಟಲ್ಲಿ ನಿಂತು ಕಾಯಲ್ಲ.”

ಆಮೇಲಿನದ್ದು ಬರೀ ಮೈಕೈ ನೋವಿನ ಕಥೆ. ಟ್ರ್ಯಾಕ್ಟರಿನಲ್ಲಿ ಕಲ್ಲು ಬಂತು. ಭಾನುವಾರ ರೈಲು ಹತ್ತಲು ಬಂದವರು ಬೂದಿ ಹೊತ್ತರು, ಕಲ್ಲು ಹೂತರು, ಬಾಗಿದ ಹಳಿ ನೆಟ್ಟಗೆ ಮಾಡಿ ಉಳಿದ ಚಕ್ರಗಳ ಮೇಲೆ ಹೊಸ ಬೋಗಿ ಕಟ್ಟಿದರು. ನನ್ನ ಗಂಡನೂ ಬಂದರು. ಟಿವಿ ಬಿಟ್ಟು! ಅನ್ವರ್ ಭಾಯ್ ಕೆಸರು ಕುಡಿದ ಎಂಜಿನ್ನನ್ನು ಬಿಚ್ಚಿ, ಒರೆಸಿ, ಜೋಡಿಸಿ, ಬೈದು, ಮತ್ತೆ ಬಿಚ್ಚಿದರು. ಮುಂಗಾರು ಬಿದ್ದಾಗ ಸೀದ ಮಾವಿನ ಮರಗಳಲ್ಲಿ ಒಂದೆರಡು ಬಿಟ್ಟು ಉಳಿದವು ಕೆಂಪಗೆ ಚಿಗುರಿದವು. ಆ ದಿನ ಮುನಿಶಾಮಣ್ಣ ತಾವಾಗಿಯೇ ಕುರ್ಚಿ ಎತ್ತಿಕೊಂಡು ಬಂದು ಮರದ ಕೆಳಗೆ ಹಾಕಿದರು. ನನ್ನ ಎದೆಯಿಂದ ಆ ಶನಿವಾರದ ಹೊಗೆ ಹೊರಗೆ ಹೋದದ್ದು ಅವತ್ತೇ ಇರಬೇಕು.

ಕಳೆದ ಭಾನುವಾರ ರೈಲು ಓಡಿತು. ಮೊದಲ ಸುತ್ತು ಓಡಿಸಿದ್ದು ಲಕ್ಷ್ಮೀದೇವಕ್ಕ. ಪಕ್ಕದಲ್ಲಿ ನಡೆಯುತ್ತಾ ಸುಜಾತ, ಹಿಂದಿನ ಬೋಗಿಯ ಮೇಲೆ ಮುನಿಶಾಮಣ್ಣ. ನಗುತ್ತಾ ಊದಿದ್ದಕ್ಕೆ ನನ್ನ ಸೀಟಿಯಿಂದ ಬರೀ ಗಾಳಿ ಬಂತು. ಆದರೂ ಹೊರಟರು. (ಶಿಸ್ತು ಹಾಳಾಗಿದೆ.) ತಿರುವಿನಲ್ಲಿ ಮುನಿಶಾಮಣ್ಣ, “ನಿಧಾನ ಕಣೇ, ನಿಧಾನ!” ಅಂತ ಕೂಗಿದ್ದು ಎಲ್ಲರಿಗೂ ಕೇಳಿಸಿತು. “ಸುಮ್ನೆ ಕೂತ್ಕೊಳ್ಳಿ ನೀವು” ಅಂದದ್ದು ಇನ್ನೂ ಜೋರಾಗಿ ಕೇಳಿಸಿತು. ಕಲ್ಲಿನ ಮೇಲೆ ಗಡಗಡ ಕುಲುಕುತ್ತಾ, ಇಬ್ಬರೂ ನಗುತ್ತಾ ಸುತ್ತಿ ಬಂದರು.

ಈಗ ನಿಮ್ಮ ಹತ್ತಿರ ಒಂದು ಮಾತು. ಅವತ್ತು ಅರಣ್ಯ ಇಲಾಖೆಯ ಗಾರ್ಡ್ ಒಬ್ಬರೂ ಬಂದಿದ್ದರು. (ಅಸಲಿ ಗಾರ್ಡ್. ನನ್ನ ಹಾಗಲ್ಲ.) ಒಂದು ಸುತ್ತು ಹೊಡೆದು, ಇಳಿದು, ಗುಡ್ಡದ ಕಡೆ ಕೈ ತೋರಿಸಿದರು. “ಮಳೆಗೆ ಹುಲ್ಲು ಮೊಣಕಾಲಿಗೆ ಬಂದಿದೆ ಮೇಡಂ. ಬೇಸಿಗೆ ಬರೋ ಮುಂಚೆ ಈ ಅಂಚಿನುದ್ದಕ್ಕೂ ಕೊಯ್ದು ಬೋಳು ಮಾಡಿ. ಬೆಂಕಿ ಬಂದ್ರೂ ಅಲ್ಲೇ ನಿಲ್ಲುತ್ತೆ.”

ಅವರು ಹೋದ ಮೇಲೆ ಬಂದವರನ್ನೆಲ್ಲ ವಿಚಾರಿಸಿದೆ. ರೈಲು ಓಡಿಸಲು ಎಷ್ಟು ಜನ ತಯಾರಿದ್ದಾರೆ ಗೊತ್ತಾ? ಇನ್ನೊಂದು ಎಂಜಿನ್ ಕಟ್ಟಿಸಿದರೂ ಸಾಲದು. ಬಾವುಟ ಹಿಡಿಯಲೂ ಪೈಪೋಟಿಯಿದೆ, ನನ್ನ ಸೀಟಿಯ ಮೇಲೂ ಕೆಲವರ ಕಣ್ಣಿದೆ.

ಹುಲ್ಲು ಕೊಯ್ಯಲು ಯಾರ್ಯಾರು ಬರುತ್ತೀರಿ, ಕೈ ಎತ್ತಿ ನೋಡೋಣ?